ನೂರು ಕೋಟಿ ವರ್ಷದ ಬಾಂಡು

ಏಳೇಳು ಜನ್ಮಕ್ಕೂ ನೀನೇ ಬೇಕು ಅನ್ನುವುದೇ ದೊಡ್ಡ ಮಾತು ಅಂದುಕೊಂಡಿದ್ದೆವು. ಅಮೆರಿಕದಲ್ಲಿ ಹುಟ್ಟಿದ ಸೈಂಟಾಲಜಿ ಎಂಬ ಧರ್ಮದವರ ಮುಂದೆ ಅದು ಬರೀ ಚಿಲ್ಲರೆ. ಆ ಧರ್ಮದ ಪೂರ್ಣಾವಧಿ ಸೇವಕರ ಪಡೆಗೆ ಸೀ ಆರ್ಗ್ ಎಂದು ಹೆಸರು. ಸೇರುವವರು ಒಂದು ಕಾಗದಕ್ಕೆ ಸಹಿ ಹಾಕಬೇಕು. ಸೇವಾ ಅವಧಿ ನೂರು ಕೋಟಿ ವರ್ಷ. ಸತ್ತರೂ ಬಿಡುಗಡೆಯಿಲ್ಲ, ಮತ್ತೆ ಹುಟ್ಟಿ ಡ್ಯೂಟಿಗೆ ಹಾಜರಾಗಬೇಕು. ‘ನಾವು ವಾಪಸ್ ಬರುತ್ತೇವೆ’ ಎಂಬುದೇ ಪಡೆಯ ಘೋಷಣೆ.

ಸೈಂಟಾಲಜಿಯ ಈಗಿನ ಮುಖ್ಯಸ್ಥ ಡೇವಿಡ್ ಮಿಸ್ಕಾವಿಜ್ ಅವರ ಅಣ್ಣನ ಮಗಳು ಜೆನ್ನಾ ಹುಟ್ಟಿ ಬೆಳೆದದ್ದೇ ಇದರೊಳಗೆ. ಏಳರ ವಯಸ್ಸಿಗೇ ಆ ಕಾಗದಕ್ಕೆ ಸಹಿ ಹಾಕಿದೆ ಎಂದಿದ್ದಾರೆ. ಏಳು ವರ್ಷದ ಮಗುವನ್ನು ಐದು ನಿಮಿಷ ಸುಮ್ನೆ ಕೂರಿಸುವುದೇ ನಮ್ಮ ಕೈಲಿ ಆಗುವುದಿಲ್ಲ. ಇವರು ನೂರು ಕೋಟಿ ವರ್ಷಕ್ಕೆ ಕೂರಿಸಿದ್ದರು! 2005ರಲ್ಲಿ ಜೆನ್ನಾ ಎದ್ದು ಹೊರಟೇಬಿಟ್ಟರು.

ಹೊರಟವರ ಕೈಗೆ ಬರುವುದು ಬಿಲ್ಲು. ಒಳಗಿದ್ದಾಗ ಪುಕ್ಕಟೆಯಾಗಿ ಕಲಿಸಿದ ಕೋರ್ಸುಗಳಿಗೆಲ್ಲ ಈಗ ಪೂರ್ತಿ ದರ. ಅದಕ್ಕೆ ಅವರಿಟ್ಟ ಹೆಸರು ‘ಫ್ರೀಲೋಡರ್’ ಸಾಲ, ಅಂದರೆ ಬಿಟ್ಟಿ ತಿಂದವರ ಬಾಕಿ. ವಾರಕ್ಕೆ 50 ಡಾಲರ್ ಆಸುಪಾಸಿನ ಭತ್ಯೆಗೆ ದುಡಿದೆವು ಎಂದು ಬಿಟ್ಟುಬಂದ ಹಲವರು ಹೇಳಿದ್ದಾರೆ. ಬಿಟ್ಟಿ ತಿಂದವರು ಯಾರು ಅಂತ ಕೇಳಬೇಡಿ, ಅದಕ್ಕೂ ಬಿಲ್ ಬಂದೀತು.

ಸರಿ, ಯಾಕೆ ಬಿಟ್ಟಿರಿ? ಬಾಯಿಬಿಡುವುದೇ ಬೇಡ, ಉತ್ತರ ಮೊದಲೇ ಸಿದ್ಧವಾಗಿದೆ. ಸಂಸ್ಥಾಪಕ ಎಲ್. ರಾನ್ ಹಬ್ಬರ್ಡ್ ಅವರ ಬೋಧನೆಯ ಪ್ರಕಾರ, ಬಿಟ್ಟುಹೋಗುವವರು ಏನೋ ತಪ್ಪು ಮಾಡಿ ಬಚ್ಚಿಟ್ಟಿರುತ್ತಾರೆ, ಅದಕ್ಕೇ ಓಡುತ್ತಾರೆ. ಅಲ್ಲಿಗೆ ಹೊರಟಿದ್ದೇ ತಪ್ಪಿಗೆ ಸಾಕ್ಷಿಯಾಯಿತು. ಹೊರಡದೆ ಉಳಿದರೆ ಧರ್ಮ ಸರಿಯಿದೆ ಎಂಬುದಕ್ಕೆ ಸಾಕ್ಷಿ. ತಲೆ ಬಿದ್ದರೂ ಅವರದೇ, ಹೂ ಬಿದ್ದರೂ ಅವರದೇ.

ಆ ಬಚ್ಚಿಟ್ಟ ತಪ್ಪು ಹೆಕ್ಕಲು ಒಂದು ಯಂತ್ರವೂ ಇದೆ, ಇ-ಮೀಟರ್. ಎರಡು ಕೈಯಲ್ಲಿ ಎರಡು ಲೋಹದ ಡಬ್ಬಿ ಹಿಡಿದು ಕೂರಬೇಕು. ಮೊದಮೊದಲು ಖಾಲಿ ಸೂಪ್ ಡಬ್ಬಿಗಳನ್ನೇ ಬಳಸುತ್ತಿದ್ದರು. ಮೈಯ ವಿದ್ಯುತ್ ರೋಧ ಬದಲಾದಂತೆ ಎದುರಿನ ಮುಳ್ಳು ಅಲ್ಲಾಡುತ್ತದೆ. ಅಂಗೈ ಬೆವೆತರೂ ಅಲ್ಲಾಡುತ್ತದೆ. ಎದುರು ಕೂತವರು ಮುಳ್ಳು ನೋಡಿ, ‘ಇನ್ನೂ ಏನೋ ಇದೆ’ ಅನ್ನುತ್ತಾರೆ. ನೆಟ್ಟಗೆ ಹೊರಬಾಗಿಲಿನಿಂದ ಹೋಗಬೇಕು ಅಂದರೆ ಈ ಡಬ್ಬಿ ಹಿಡಿದೇ ಹೋಗಬೇಕು. ಅಮೆರಿಕ ಸರ್ಕಾರದವರು 1963ರಲ್ಲಿ ಇಂಥ ಮೀಟರುಗಳನ್ನು ರಾಶಿ ಹೊತ್ತೊಯ್ದಿದ್ದರು. ಇದು ಯಾವ ರೋಗಕ್ಕೂ ಮದ್ದಲ್ಲ ಎಂದು ಮೀಟರಿನ ಮೇಲೇ ಬರೆಯಬೇಕು ಅಂತ ಕೊನೆಗೆ ಕೋರ್ಟು ಹೇಳಿತು. ಬರೆದರು. ಮುಳ್ಳಿಗೆ ಓದಲು ಬರುವುದಿಲ್ಲವಲ್ಲ.

ಹೊರಬಂದವರು ಸುಮ್ಮನಿದ್ದರೆ ಒಂದು ಲೆಕ್ಕ, ಬಾಯಿಬಿಟ್ಟು ಟೀಕಿಸಿದರೆ ಇನ್ನೊಂದು. ಟೀಕಿಸಿದವರಿಗೆ ‘ಸಪ್ರೆಸಿವ್ ಪರ್ಸನ್’ ಎಂಬ ಬಿರುದು ಸಿಗುತ್ತದೆ. ದಮನಕಾರಿ ವ್ಯಕ್ತಿ ಅಂತ ಅರ್ಥ. ಆಮೇಲೆ ಒಳಗಿರುವ ಅಪ್ಪ, ಅಮ್ಮ, ಮಕ್ಕಳು ಮಾತು ಬಿಡುತ್ತಾರೆ. ಇದು ಅವರವರ ಸ್ವಂತ ನಿರ್ಧಾರ, ಬಲವಂತವಿಲ್ಲ ಅನ್ನುತ್ತದೆ ಸಂಸ್ಥೆ. ಇರಬಹುದು ಬಿಡಿ. ಇಡೀ ಬಳಗಕ್ಕೆ ಒಟ್ಟಿಗೇ ಸ್ವಂತ ನಿರ್ಧಾರ ಹೊಳೆಯುವುದು ಮಾತ್ರ ವಿಶೇಷ.

ಇದರಲ್ಲಿ ನನಗೆ ಮರೆಯಲಾಗದ್ದು ರಾನ್ ಮಿಸ್ಕಾವಿಜ್ ಕಥೆ. ಡೇವಿಡ್ ಅವರ ಅಪ್ಪ. ಟ್ರಂಪೆಟ್ ವಾದಕ. ಮಗನಿಗೆ ಚಿಕ್ಕಂದಿನಲ್ಲಿ ಆಸ್ತಮಾ ಇತ್ತು. ವಾಸಿಯಾದೀತು ಅಂತ ಸೈಂಟಾಲಜಿಯವರ ಬಳಿ ಕರೆದುಕೊಂಡು ಹೋದವರೇ ಇವರು. ಮಗ ಮುಖ್ಯಸ್ಥನಾದ, ಅಪ್ಪ ಮಗನ ಕೈಕೆಳಗೆ ಸೀ ಆರ್ಗ್‌ನಲ್ಲಿ ದುಡಿದರು. 2012ರಲ್ಲಿ ಅಪ್ಪನೂ ಹೊರಟರು.

ಮರುವರ್ಷ ವಿಸ್ಕಾನ್ಸಿನ್‌ನಲ್ಲಿ ಪೊಲೀಸರು ಒಬ್ಬ ಖಾಸಗಿ ಪತ್ತೇದಾರನನ್ನು ಹಿಡಿದರು. ರಾನ್ ಹಿಂದೆ ಸುತ್ತಲು ವಾರಕ್ಕೆ 10,000 ಡಾಲರ್ ಕೊಡುತ್ತಾರೆ ಅಂದನಂತೆ ಆತ. ಒಮ್ಮೆ ರಾನ್ ಕಾರಿಗೆ ಸಾಮಾನು ತುಂಬುವಾಗ ಎದೆ ಹಿಡಿದುಕೊಂಡರು. ಹೃದಯಾಘಾತ ಅಂದುಕೊಂಡ ಪತ್ತೇದಾರರು ಮೇಲಿನವರಿಗೆ ವರದಿ ಒಪ್ಪಿಸಿದರು. ತಾನೇ ಡೇವಿಡ್ ಎಂದು ಹೇಳಿಕೊಂಡ ಒಬ್ಬಾತ ಫೋನಿನಲ್ಲಿ, ಸಾಯುವ ಕಾಲ ಬಂದಿದ್ದರೆ ಸಾಯಲಿ, ನೀವು ಕೈ ಹಾಕಬೇಡಿ ಅಂದ ಎಂಬುದು ಆ ಪತ್ತೇದಾರನ ಹೇಳಿಕೆ. ಅಂಥ ಮಾತೇ ನಡೆದಿಲ್ಲ ಅನ್ನುತ್ತದೆ ಸಂಸ್ಥೆ. ಅಸಲಿಗೆ ರಾನ್ ಹಿಡಿದುಕೊಂಡದ್ದು ಎದೆಯನ್ನಲ್ಲ. ಜೇಬಿನಿಂದ ಮೊಬೈಲ್ ಜಾರುತ್ತಿತ್ತು, ಅದನ್ನು!

ರಾನ್ 2021ರಲ್ಲಿ ತೀರಿಕೊಂಡರು. ಸೀ ಆರ್ಗ್‌ನಲ್ಲಿ ಅವರು ಕಳೆದದ್ದು ಸುಮಾರು 27 ವರ್ಷ. ಬಾಂಡಿನ ಲೆಕ್ಕದಲ್ಲಿ ಇನ್ನೂ 99 ಕೋಟಿ 99 ಲಕ್ಷ 99 ಸಾವಿರದ 973 ವರ್ಷ ಬಾಕಿ. ಎಲ್ಲೋ ಒಂದು ಕೂಸು ಪೀಪಿ ಊದುತ್ತಿದ್ದರೆ, ಅದರ ಮನೆ ಮುಂದೆ ಯಾವುದಾದರೂ ಕಾರು ನಿಂತಿದೆಯಾ ನೋಡಿ.