ಒಮೆಗಾ ಅಂತೆ, ಒಮೆಗಾ!

ಈಗಷ್ಟೇ ಅಕ್ಕನ ಮಗನ ಜೊತೆ ಜಗಳ ಮುಗಿಸಿ ಬಂದು ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಜಗಳ ಆಸ್ತಿಗಲ್ಲ, ರಾಜಕೀಯಕ್ಕೂ ಅಲ್ಲ. ಎಕ್ಸ್-ಮೆನ್ ಅನ್ನುವ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಶಕ್ತಿಯ ಲೆಕ್ಕಕ್ಕೆ ಯಾರು ಎಷ್ಟನೇ ನಂಬರ್ ಅನ್ನುವುದಕ್ಕೆ. ನನ್ನನ್ನು ಬಲ್ಲವರು ಇಲ್ಲೇ ನಗಲು ಶುರು ಮಾಡಿರುತ್ತೀರಿ. ನಗಿ, ಪರವಾಗಿಲ್ಲ.

ಹುಡುಗನಿಗೆ ಹದಿನೈದು. ಫೋನಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದಾನೆ. ಮೇಲಿನ ಸಾಲಿಗೆ ಕೆಂಪು ಬಣ್ಣ, ಅದರ ಹೆಸರು 'ಒಮೆಗಾ'. ಅದರ ಕೆಳಗೆ ಕಿತ್ತಳೆ, ಹಳದಿ, ಹಸಿರು. ತೀರಾ ಕೆಳಗೆ ಬೂದು ಬಣ್ಣದ ಒಂದು ಸಾಲು, ಅದಕ್ಕೆ ಇಟ್ಟ ಹೆಸರು 'ವೇಸ್ಟ್'. ಪಟ್ಟಿ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ. ನನ್ನ ತಲೆ ಕೆಡಿಸಿದ್ದು ಅವನು ಹೇಳಿದ ಒಂದು ಪದ.

"ಚಿಕ್ಕಮ್ಮ, ಐಸ್‌ಮ್ಯಾನ್ ಮೊದಲಿಂದಲೂ ಒಮೆಗಾ. ನಿಂಗೆ ಗೊತ್ತಿಲ್ಲ ಅಷ್ಟೇ."

ಮೊದಲಿಂದಲೂ! ಮೊದಲು ಅಂದರೆ ಯಾವಾಗ ಮಾರಾಯ?

1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕಿರ್ಬಿ ಸೇರಿ ಮೊದಲ ಸಂಚಿಕೆ ತಂದಾಗ ಐಸ್‌ಮ್ಯಾನ್ ನೋಡಲು ಹೇಗಿದ್ದ ಗೊತ್ತಾ? ಮಕ್ಕಳು ಹಿಮದಲ್ಲಿ ಮಾಡಿ ನಿಲ್ಲಿಸುವ ಬೊಂಬೆಯ ಹಾಗೆ. ಮೈತುಂಬ ಹಿಮ ಮೆತ್ತಿಕೊಂಡ ಒಬ್ಬ ಹುಡುಗ, ತಂಡದಲ್ಲೇ ಚಿಕ್ಕವನು, ತಮಾಷೆಗೆ ಇಟ್ಟುಕೊಂಡವನು. ಹಿಮದ ಉಂಡೆ ಎಸೆಯುತ್ತಿದ್ದ. ಆಮೇಲೆ ಆ ಹಿಮ ಹೋಗಿ ಗಾಜಿನಂಥ ಮಂಜುಗಡ್ಡೆ ಮೈ ಬಂತು. ದಶಕಗಟ್ಟಲೆ ಅವನು ಮಂಜಿನ ಜಾರುಬಂಡೆ ಮಾಡಿಕೊಂಡು ಜಾರಿಕೊಂಡೇ ಇದ್ದ. 1994ರಲ್ಲಿ ಎಮ್ಮಾ ಫ್ರಾಸ್ಟ್ ಅನ್ನುವ ಇನ್ನೊಂದು ಪಾತ್ರ ಅವನ ಮೈಯೊಳಗೆ ಹೊಕ್ಕಳು. ಅವನ ಶಕ್ತಿಯನ್ನು ಅವನಿಗಿಂತ ಚೆನ್ನಾಗಿ ಬಳಸಿ ತೋರಿಸಿದಳು. ಅಲ್ಲಿಯವರೆಗೆ, ಅಂದರೆ ಮೂವತ್ತು ವರ್ಷ, ಆ ಹುಡುಗ ತನ್ನ ಕೈಯಲ್ಲಿ ಏನಿದೆ ಅಂತಲೇ ತಿಳಿಯದೆ ಓಡಾಡುತ್ತಿದ್ದ ಅಂತ ಆವತ್ತು ತೀರ್ಮಾನ ಆಯಿತು. ತೀರ್ಮಾನ ಮಾಡಿದ್ದು ಯಾರು? ಬರೆಯುವವರು. ಮೊದಲಿಂದಲೂ ಅಲ್ಲ, 1994ರಿಂದ. ಹಾಗೆ ನೋಡಿದರೆ ಆವತ್ತೂ ಪೂರ್ತಿ ಅಲ್ಲ.

ಈ 'ಒಮೆಗಾ' ಅನ್ನುವ ಪದದ ಕತೆಯೂ ಇದೇ. 1986ರಲ್ಲಿ ನಿಮ್ರಾಡ್ ಅನ್ನುವ ಯಂತ್ರ ರೇಚಲ್ ಸಮ್ಮರ್ಸ್ ಅನ್ನುವ ಎಕ್ಸ್-ಮೆನ್ ಹುಡುಗಿಯನ್ನು ಅಳೆದು ನೋಡಿ ಒಮೆಗಾ ದರ್ಜೆ ಅಂದಿತು. ಹಾಗಂದರೆ ಏನು ಅಂತ ಯಾರೂ ಹೇಳಲಿಲ್ಲ. ಕೇಳಲು ಗತ್ತಾಗಿತ್ತು, ಅಷ್ಟು ಸಾಕಿತ್ತು. ಆಮೇಲೆ ಬಂದ ಲೇಖಕರು ತಮಗೆ ಬೇಕಾದವರಿಗೆಲ್ಲ ಆ ಬಿರುದು ಹಂಚುತ್ತಾ ಹೋದರು. ಅದಕ್ಕೆ ಒಂದು ಸರಿಯಾದ ವ್ಯಾಖ್ಯೆ ಸಿಕ್ಕಿದ್ದು 2019ರಲ್ಲಿ, ಲೇಖಕ ಜೊನಾಥನ್ ಹಿಕ್‌ಮ್ಯಾನ್ ಬಂದ ಮೇಲೆ. ಒಬ್ಬ ಮ್ಯೂಟಂಟ್‌ನ (ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರಿಗೆ ಈ ಕತೆಗಳಲ್ಲಿ ಹೀಗನ್ನುತ್ತಾರೆ) ಮುಖ್ಯ ಶಕ್ತಿಗೆ ಇಂತಿಷ್ಟೇ ಅಂತ ಮೇಲಿನ ಮಿತಿ ಹೇಳಲು ಆಗದಿದ್ದರೆ ಅವರು ಒಮೆಗಾ. ಜೊತೆಗೆ ಹದಿನಾಲ್ಕು ಹೆಸರಿನ ಪಟ್ಟಿ. ನಮ್ಮ ಹುಡುಗನ ಕೆಂಪು ಸಾಲು ಅಲ್ಲಿಂದಲೇ ಇಳಿಸಿದ್ದು.

ಈಗ ತಮಾಷೆ ನೋಡಿ. ಆ ಹದಿನಾಲ್ಕರಲ್ಲಿ ರೇಚಲ್ ಇಲ್ಲ! ಆ ಬಿರುದು ಹೊತ್ತು ಬಂದವಳೇ ಹೊರಗೆ. ಮೊದಲ ತಂಡದ ಜೀನ್ ಗ್ರೇ ಇದ್ದಾಳೆ, ಆದರೆ ಟೆಲಿಪತಿಗೆ, ಅಂದರೆ ಪರರ ಮನಸ್ಸು ಓದುವುದಕ್ಕೆ. 1963ರ ಜೀನ್‌ಗೆ ಆ ಶಕ್ತಿ ಇರಲೇ ಇಲ್ಲ! ಅವಳು ಬರೀ ಮನಸ್ಸಿನಿಂದ ವಸ್ತು ಎತ್ತುತ್ತಿದ್ದಳು, ಸರಿಸುತ್ತಿದ್ದಳು. ಟೆಲಿಪತಿ ಬಂದಿದ್ದು ವರ್ಷಗಳಾದ ಮೇಲೆ. ಮುಂದೆ ಇನ್ಯಾರೋ ಬಂದು, ಅದು ಅವಳಿಗೆ ಬಾಲ್ಯದಲ್ಲೇ ಇತ್ತು, ತಂಡದ ಗುರು ಪ್ರೊಫೆಸರ್ ಎಕ್ಸ್ ಅದಕ್ಕೆ ಬೀಗ ಹಾಕಿಟ್ಟಿದ್ದರು ಅಂತ ಬರೆದರು. ನೋಡಿ, ಇದೇ ಆ 'ಮೊದಲಿಂದಲೂ'. ಆಮೇಲೆ ಕಟ್ಟಿದ್ದನ್ನು ಹಿಂದಕ್ಕೆ ಒಯ್ದು ನೆಡುವುದು. ಮಾರಾಟಕ್ಕೆ ಬರೆಯುವವರು ಮಾಡಲಿ, ಅದು ಅವರ ಕಸುಬು. ಓದುವವರಾದರೂ ನೆನಪು ಇಟ್ಟುಕೊಳ್ಳಬಾರದಾ?

ಜೀನ್ ವಿಷಯದಲ್ಲಿ ನನಗೆ ಇನ್ನೂ ಒಂದು ನೋವಿದೆ. 1980ರಲ್ಲಿ, ಫೀನಿಕ್ಸ್ ಅನ್ನುವ ಬ್ರಹ್ಮಾಂಡ ಶಕ್ತಿ ಕೈಮೀರಿ ಡಾರ್ಕ್ ಫೀನಿಕ್ಸ್ ಆಗಿ ಅವಳು ಒಂದು ನಕ್ಷತ್ರವನ್ನೇ ನುಂಗಿದಳು. ಅದನ್ನು ಸುತ್ತುತ್ತಿದ್ದ ಲೋಕದ ಐನೂರು ಕೋಟಿ ಜನ ಹೋದರು. ಕೊನೆಗೆ ಅವಳು ತನ್ನ ಪ್ರಾಣ ತಾನೇ ಕೊಟ್ಟಳು. ಅದನ್ನು ಮೊದಲ ಸಲ ಓದಿದ ರಾತ್ರಿ ನಾನು ನಿದ್ದೆ ಮಾಡಿಲ್ಲ. 1986ರಲ್ಲಿ ಅವಳನ್ನು ವಾಪಸ್ ತರಬೇಕಾಯಿತು. ಐನೂರು ಕೋಟಿ ಕೊಲೆ ಮಾಡಿದವಳನ್ನು ನಾಯಕಿ ಮಾಡುವುದು ಹೇಗೆ? ಸುಲಭ. ಅದು ಅವಳಲ್ಲ, ಅವಳ ರೂಪ ತಾಳಿದ ಫೀನಿಕ್ಸ್ ಶಕ್ತಿ, ನಿಜವಾದ ಜೀನ್ ನೀರಿನ ತಳದಲ್ಲಿ ಗೂಡಿನೊಳಗೆ ಮಲಗಿದ್ದಳು! ಒಂದೇ ಏಟಿಗೆ ಪಾಪವೂ ಹೋಯಿತು, ಪರಾಕ್ರಮವೂ ಹೋಯಿತು. ಆವತ್ತು ಜೀನ್‌ಳ ಸ್ಥಾನ ಎಷ್ಟು ಕೆಳಗೆ ಬಿತ್ತು ಅಂತ ಯಾವ ಪಟ್ಟಿಯೂ ಹೇಳುವುದಿಲ್ಲ. ಯಾಕೆಂದರೆ ಪಟ್ಟಿಗೆ ಇವತ್ತಿನದು ಮಾತ್ರ ಗೊತ್ತು.

ವುಲ್ವರಿನ್ ಕತೆ ಕೇಳಿದರೆ ನೀವು ನಗುತ್ತೀರಿ. ಗಾಯ ತಾನಾಗಿಯೇ ಮಾಯುವ ಶಕ್ತಿಯವನು, 1974ರಲ್ಲಿ ಬಂದವನು. 1987ರ ಒಂದು ವಾರ್ಷಿಕ ಸಂಚಿಕೆಯಲ್ಲಿ ಒಂದೇ ಒಂದು ತೊಟ್ಟು ರಕ್ತದಿಂದ ಇಡೀ ಮೈ ಮತ್ತೆ ಬೆಳೆದು ನಿಂತ. ಅದಕ್ಕೆ ಒಂದು ಮಾಯಾ ಹರಳಿನ ಸಹಾಯ ಇತ್ತು, ಒಪ್ಪುತ್ತೇನೆ. ಆದರೆ ಎರಡೇ ವರ್ಷಕ್ಕೆ, 1989ರಲ್ಲಿ, ಶತ್ರುಗಳು ಅವನನ್ನು ಮರದ ಕೊರಡಿಗೆ ಬಡಿದು ನಿಲ್ಲಿಸಿದರು. ಆ ಗಾಯದಿಂದ ಎದ್ದು ಸರಿಯಾಗಲು ಅವನಿಗೆ ಸಂಚಿಕೆಗಟ್ಟಲೆ ಬೇಕಾಯಿತು. ಎರಡನ್ನೂ ಬರೆದಿದ್ದು ಒಬ್ಬರೇ, ಕ್ರಿಸ್ ಕ್ಲೇರ್‌ಮಾಂಟ್! ಒಂದು ಕತೆಗೆ ಸಾಯದವನು ಬೇಕಿತ್ತು, ಇನ್ನೊಂದಕ್ಕೆ ಸಾಯುವ ಹಾಗಿರುವವನು ಬೇಕಿತ್ತು, ಅಷ್ಟೇ. 2006ರಲ್ಲಿ ಸ್ಫೋಟಕ್ಕೆ ಸಿಕ್ಕಿ ಬರೀ ಅಸ್ಥಿಪಂಜರ ಆದವನು ಮತ್ತೆ ಮಾಂಸ ತುಂಬಿಕೊಂಡು ಎದ್ದ. 2014ರಲ್ಲಿ ಸತ್ತೇ ಹೋದ. ಈಗ ಮತ್ತೆ ಇದ್ದಾನೆ. ಇವನನ್ನು ಹಳದಿ ಸಾಲಿಗೆ ಹಾಕುತ್ತೀಯೋ, ಹಸಿರಿಗೋ? ಯಾವ ವರ್ಷದವನನ್ನು?

ಈ ಮಾತಿಗೆ ಬರುವ ಉತ್ತರ ನನಗೆ ಗೊತ್ತು. "ಏನಾದರೂ ಅಳತೆ ಬೇಡವಾ? ಮಿತಿ ಇಲ್ಲದಿದ್ದರೆ ಹೊಡೆದಾಟಕ್ಕೆ ಏನು ಅರ್ಥ?" ಅಂತ ನಿಮ್ಮಲ್ಲೇ ಒಬ್ಬಿಬ್ಬರು ಕೆಳಗೆ ಬರೆಯುತ್ತೀರಿ. ಸರಿ, ಅಳತೆ ಬೇಕು. ಸಂಪಾದಕ ಮಾರ್ಕ್ ಗ್ರೂನ್‌ವಾಲ್ಡ್ 1983ರಿಂದ, ಎಕ್ಸ್-ಮೆನ್ ಪ್ರಕಟಿಸುವ ಮಾರ್ವೆಲ್ ಕಂಪನಿಯ ಕೈಪಿಡಿ ತಂದದ್ದೇ ಅದಕ್ಕೆ. ಯಾರು ಎಷ್ಟು ಟನ್ ಎತ್ತುತ್ತಾರೆ ಅಂತ ಅದರಲ್ಲಿ ಬರೆದಿಡುತ್ತಿದ್ದರು. ಮುಂದೆ ಒಂದರಿಂದ ಏಳರವರೆಗೆ ಅಂಕ ಕೊಡುವ ಪದ್ಧತಿಯೂ ಬಂತು. ನನಗೆ ಅವೆಲ್ಲ ಇಷ್ಟವೇ. ಆದರೆ ಆ ಅಳತೆಗೋಲು ಎಷ್ಟು ದಿನ ನಿಂತಿದೆ ಹೇಳಿ? 2019ರ ಪಟ್ಟಿಯಲ್ಲಿ ಫ್ರಾಂಕ್ಲಿನ್ ರಿಚರ್ಡ್ಸ್ ಇದ್ದ. ಲೋಕಗಳನ್ನೇ ಸೃಷ್ಟಿಸುವ ಹುಡುಗ. 2020ರಲ್ಲಿ ಅವನು ಮ್ಯೂಟಂಟೇ ಅಲ್ಲ, ಯಾವತ್ತೂ ಆಗಿರಲಿಲ್ಲ ಅಂತ ಬರೆದು ಕೈತೊಳೆದುಕೊಂಡರು. ಒಂದೇ ವರ್ಷ! ಮೊದಲ ಸಾಲಿನಿಂದ ಎರಡನೇ ಸಾಲಿಗೆ ಇಳಿಸಿದ್ದಲ್ಲ, ಪರೀಕ್ಷೆಗೆ ಕೂತೇ ಇರಲಿಲ್ಲ ಅಂದುಬಿಟ್ಟರು. ವಾಂಡಾ, ಪಿಯೆಟ್ರೊ ಅನ್ನುವ ಅವಳಿಗಳಿಬ್ಬರಿಗೂ ಇದೇ ಗತಿ. 1964ರಿಂದ ಐವತ್ತು ವರ್ಷ ಮ್ಯೂಟಂಟ್ ಅಂತ ಓದಿಕೊಂಡು ಬಂದಿದ್ದೆವು. ಆಮೇಲೆ ಅಲ್ಲ ಅಂದರು. ಇಂಥ ಅಳತೆಗೋಲನ್ನು ಹಿಡಿದು ನನ್ನ ಮುಂದೆ ಅಫಿಶಿಯಲ್ ಅಂತ ಬೇರೆ ಹೇಳುವುದು!

1974ರಲ್ಲಿ ಎಕ್ಸ್-ಮೆನ್‌ನ ದೊಡ್ಡ ಶತ್ರು ಮ್ಯಾಗ್ನೆಟೊ 'ಆಲ್ಫಾ' ಅನ್ನುವ ಒಬ್ಬನನ್ನು ಸೃಷ್ಟಿ ಮಾಡಿದ. ಮ್ಯೂಟಂಟ್‌ಗಳಲ್ಲೇ ಕಟ್ಟಕಡೆಯ ಮಾತು ಅವನು ಅಂತ ಬಿರುದು. ಅವನು ಮ್ಯಾಗ್ನೆಟೊನನ್ನೇ ಹಸುಗೂಸು ಮಾಡಿಬಿಟ್ಟು ಆಕಾಶಕ್ಕೆ ಹಾರಿಹೋದ. ಯಾವ ಪಟ್ಟಿಯಲ್ಲಾದರೂ ಅವನ ಹೆಸರು ನೋಡಿದ್ದೀರಾ? ಸುಮ್ನೆ ಕೇಳಿದೆ.

ನನ್ನ ಹುಡುಗ, ಮಳೆ-ಗಾಳಿ ಆಳುವ ಸ್ಟಾರ್ಮ್‌ಳನ್ನು ಒಂಬತ್ತನೇ ಸ್ಥಾನಕ್ಕೆ ಹಾಕಿದ್ದಾನೆ. ಅದಕ್ಕೂ ನನಗೆ ಉರಿಯಿತು, ಆದರೆ ಕಾರಣ ಬೇರೆ. 1984ರಲ್ಲಿ ಅವಳ ಶಕ್ತಿ ಪೂರ್ತಿ ಹೋಯಿತು. ಶಕ್ತಿ ಕಸಿಯುವ ಬಂದೂಕಿನಿಂದ ಬೇರೆಯವಳಿಗೆ ಇಟ್ಟ ಗುರಿ ಅವಳಿಗೆ ತಗುಲಿತು. ಅವಳ ಕೈಯಲ್ಲಿ ಮಳೆ ಇಲ್ಲ, ಮಿಂಚಿಲ್ಲ, ಗಾಳಿ ಇಲ್ಲ. ಅವನ ಪಟ್ಟಿಯ ಲೆಕ್ಕದಲ್ಲಿ ಅವಳು ಬೂದು ಸಾಲಿಗೂ ಸಲ್ಲುವುದಿಲ್ಲ. ಹಾಗಿದ್ದೇ 1986ರ ಜನವರಿ ಸಂಚಿಕೆಯಲ್ಲಿ ತಂಡದ ನಾಯಕತ್ವಕ್ಕಾಗಿ ಸೈಕ್ಲಾಪ್ಸ್ ಎದುರು ನಿಂತಳು. ಬೆಟ್ಟ ಒಡೆಯುವ ಕಣ್ಣಿನವನು ಒಂದು ಕಡೆ, ಬರಿಗೈ ಹೆಂಗಸು ಇನ್ನೊಂದು ಕಡೆ. ಅವಳು ಅಡಗಿದಳು, ಕಾದಳು, ಅವನ ಗಮನ ಎಲ್ಲಿದೆ ಅಂತ ನೋಡಿದಳು. ಕೊನೆಗೆ ಅವನ ವೈಸರ್, ಅಂದರೆ ಆ ಕಣ್ಣಿನ ಕಿರಣ ಹಿಡಿದಿಡುವ ಕನ್ನಡಕ, ಅವಳ ಕೈಯಲ್ಲಿತ್ತು. ನಾಯಕಿ ಅವಳೇ ಆದಳು. ಇದನ್ನು ಯಾವ ಬಣ್ಣದ ಸಾಲಿಗೆ ಹಾಕುತ್ತೀಯಪ್ಪಾ ಅಂದೆ. "ಅದು ಬೇರೆ ವಿಷ್ಯ ಚಿಕ್ಕಮ್ಮ" ಅಂದ. ಬೇರೆ ಏನಲ್ಲ, ಅದೇ ವಿಷಯ!

ಇನ್ನು ಗೋಲ್ಡ್‌ಬಾಲ್ಸ್. 2013ರಲ್ಲಿ ಬಂದ ಹುಡುಗ. ಅವನ ಮೈಯಿಂದ ಚಿನ್ನದ ಬಣ್ಣದ ಚೆಂಡು ಹೊರಗೆ ಬರುತ್ತವೆ, ನೆಲದ ಮೇಲೆ ಪುಟಿಯುತ್ತವೆ. ಅಷ್ಟೇ ಶಕ್ತಿ. ಓದುಗರೂ ನಕ್ಕರು, ಕತೆಯೊಳಗಿನವರೂ ನಕ್ಕರು. ಆರು ವರ್ಷ ಕಳೆದ ಮೇಲೆ, 2019ರಲ್ಲಿ, ಅವು ಚೆಂಡಲ್ಲ, ಮೊಟ್ಟೆ ಅಂತ ಗೊತ್ತಾಯಿತು. ಇನ್ನೂ ನಾಲ್ವರ ಶಕ್ತಿ ಜೊತೆಗೆ ಸೇರಿದರೆ ಸತ್ತ ಮ್ಯೂಟಂಟ್‌ಗಳನ್ನು ಅದೇ ಮೊಟ್ಟೆಯಿಂದ ಮತ್ತೆ ಹುಟ್ಟಿಸಬಹುದು. ಸಾವನ್ನೇ ಸೋಲಿಸುವ ಕೆಲಸ ಶುರುವಾಗುವುದು ಅವನ ಕೈಯಿಂದ! ಆ ಪುಟ ಓದಿ ನಾನು ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ. ಚೆಂಡು ಬದಲಾಗಲಿಲ್ಲ. ಅದನ್ನು ನೋಡುವ ಕಣ್ಣು ಬದಲಾಯಿತು. ಲೇಖಕರು ಮಾಡುವ ಬದಲಾವಣೆಗಳಲ್ಲಿ ನಾನು ಮನಸಾರೆ ಮೆಚ್ಚುವುದು ಇಂಥದ್ದನ್ನು. ಬೀಗ ತೆಗೆದರು, ಮಿತಿ ಕಳಚಿದರು ಅನ್ನುವುದು ಸೋಮಾರಿ ಕೆಲಸ.

ಈಗ ಒಂದು ತಪ್ಪೊಪ್ಪಿಗೆ. ಜಗಳ ಆದ ಮೇಲೆ ಕಪಾಟಿನ ಕೆಳಗಿನ ಖಾನೆಯಿಂದ ನನ್ನ ಹಳೇ ನೋಟ್‌ಬುಕ್ ತೆಗೆದೆ. ನಾನು ಅವನ ವಯಸ್ಸಿನಲ್ಲಿದ್ದಾಗ ಬರೆದಿದ್ದು. ಸ್ಕೇಲ್ ಇಟ್ಟು ಗೆರೆ ಹೊಡೆದು, ಪ್ರತಿ ಮ್ಯೂಟಂಟ್‌ಗೂ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟಿದ್ದೇನೆ. ಸ್ಟಾರ್ಮ್‌ಗೆ ತೊಂಬತ್ತೆಂಟು. (ಪಕ್ಷಪಾತ ಅನ್ನಿ, ಬೇಕಾದರೆ.) ತೀರಾ ಕೊನೆಯಲ್ಲಿ ಸೈಫರ್, ಡಗ್ ರಾಮ್ಸೆ. ಯಾವ ಭಾಷೆಯಾದರೂ ಅರ್ಥ ಆಗುವುದು ಅವನ ಶಕ್ತಿ. ಅವನಿಗೆ ಮೂರು ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: 'ದಂಡ'. 1988ರ ಕತೆಯಲ್ಲಿ ಅವನು ಗೆಳತಿಗೆ ಬರುತ್ತಿದ್ದ ಗುಂಡಿಗೆ ಅಡ್ಡ ನಿಂತು ಸತ್ತ. ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ದಂಡ ತಾನೇ, ಹೋದ ಅಂದುಕೊಂಡಿದ್ದೆ. ಮೂವತ್ತು ವರ್ಷ ಆದ ಮೇಲೆ ಮ್ಯೂಟಂಟ್‌ಗಳಿಗೆಲ್ಲ ಸ್ವಂತ ನಾಡು ಬಂತು, ಕ್ರಕೋವಾ ಅನ್ನುವ ಜೀವಂತ ದ್ವೀಪ. ಅದರ ಜೊತೆ ಮಾತಾಡಲು ಗೊತ್ತಿದ್ದವನು ಡಗ್. ದ್ವೀಪ ಏನು ಹೇಳುತ್ತಿದೆ ಅಂತ ಕೇಳಲು ಮ್ಯಾಗ್ನೆಟೊ ಆದರೂ ಅವನ ಬಳಿಯೇ ಬರಬೇಕಿತ್ತು.

ನನ್ನ 'ದಂಡ', ಅವನ 'ವೇಸ್ಟ್'. ಹುಡುಗನ ಬೂದು ಸಾಲಿನಲ್ಲಿ ಇದ್ದಿದ್ದೂ ಡಗ್ಗೇ.

ನೋಟ್‌ಬುಕ್ ಅವನಿಗೆ ತೋರಿಸಿದೆ. ಬಿದ್ದು ಬಿದ್ದು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಡಗ್‌ನನ್ನು ಬೂದು ಸಾಲಿನಿಂದ ಎಳೆದು ಹಸಿರಿಗೆ ಹಾಕಿದ. ಹಸಿರಿಗೆ ಹಾಕಿದರೆ ಸಾಕಾ, ಕಿತ್ತಳೆಗಾದರೂ ಹಾಕು ಅಂದೆ ನಾನು. ಅಲ್ಲಿಂದ ಮತ್ತೆ ಮುಕ್ಕಾಲು ಗಂಟೆ ಜಗಳ. ಸದ್ಯಕ್ಕೆ ಹಳದಿಯಲ್ಲಿದ್ದಾನೆ.