ಸತ್ಯಾಂಶ: ಪಂದ್ಯದ ಮುಂಚೆ ನಡುಗುವ ಮಗು ದುರ್ಬಲವೇ?

"ನಿಜವಾದ ಚಾಂಪಿಯನ್‌ಗೆ ಹೆದರಿಕೆಯೇ ಆಗಲ್ಲ. ನಡುಗುವ ಮಗುವನ್ನು ಆಟಕ್ಕೆ ಕಳಿಸಬೇಡಿ." ಬಳ್ಳಾರಿಯ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಮಕ್ಕಳ ವಿಷಯ, ಸುಮ್ನೆ ಬಿಡುವಂಥದ್ದಲ್ಲ.

ಪಂದ್ಯದ ಮುಂಚೆ ಎದೆ ಬಡಿದುಕೊಳ್ಳುವುದು, ಅಂಗೈ ಬೆವರುವುದು ದೇಹ ತಯಾರಾಗುವ ರೀತಿ. ಅಡ್ರಿನಲಿನ್ ಎಂಬ ಹಾರ್ಮೋನ್ ಏರಿ ಸ್ನಾಯುಗಳಿಗೆ ರಕ್ತ ಜಾಸ್ತಿ ಹರಿಯುತ್ತದೆ. ಓಟಗಾರನಿಗೆ ಇದು ಬೇಕೇ ಬೇಕು.

ತೊಂದರೆ ಇರುವುದು ಬೇರೆ ಕಡೆ. ವರ್ಷಗಟ್ಟಲೆ ಅಭ್ಯಾಸದಿಂದ ಕೈಕಾಲು ತಾವೇ ಮಾಡುವ ಕೆಲಸವನ್ನು ಆಟಗಾರ ಸೋಲಿನ ಭಯದಲ್ಲಿ ಒಂದೊಂದಾಗಿ ಗಮನಿಸತೊಡಗುತ್ತಾನೆ. ಆಗ ಲಯ ತಪ್ಪುತ್ತದೆ. ಗಾಲ್ಫ್ ಪ್ರಯೋಗಗಳಲ್ಲಿ, ಕೈಯ ಚಲನೆಯನ್ನೇ ಗಮನಿಸಿ ಎಂದಾಗ ಕೆಟ್ಟದ್ದು ನುರಿತವರ ಹೊಡೆತ, ಹೊಸಬರದ್ದಲ್ಲ! ಅಂದರೆ ಚೆನ್ನಾಗಿ ಕಲಿತವರೂ ಎಡವುತ್ತಾರೆ, ಅಲ್ವಾ?

ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಅವರನ್ನು ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಗಾಳಿಯಲ್ಲಿ ತಿರುಗುವಾಗ ದಿಕ್ಕೇ ತಿಳಿಯದಂತಾಗಿ ತಂಡದ ಫೈನಲ್‌ನಿಂದ ಅರ್ಧದಲ್ಲೇ ಹಿಂದೆ ಸರಿದರು. 2024ರ ಪ್ಯಾರಿಸ್‌ನಲ್ಲಿ 3 ಚಿನ್ನ, 1 ಬೆಳ್ಳಿ ಗೆದ್ದರು. ಅವರನ್ನು ದುರ್ಬಲರು ಅನ್ನೋದು ಹೇಗೆ?

ಒತ್ತಡ ನಿಭಾಯಿಸುವುದನ್ನು ಕಲಿಯಬಹುದು. ಅಭ್ಯಾಸದಲ್ಲೇ ಜನರ ಮುಂದೆ, ಅಂಕ ಇಟ್ಟು ಆಡಿಸಿ. ಕಬಡ್ಡಿ ರೇಡ್‌ಗೆ ಹೋಗುವ ಮುಂಚೆ ಪ್ರತಿ ಸಲ ಒಂದೇ ಕ್ರಮ ಇರಲಿ, ಉಸಿರನ್ನು ನಿಧಾನವಾಗಿ ಬಿಡಲಿ. ಅಂಗಳದ ಹೊರಗಿಂದ "ಕಾಲು ಹೀಗಿಡು, ಕೈ ಹಾಗಿಡು" ಎಂದು ಕೂಗುವುದನ್ನು ದಯವಿಟ್ಟು ನಿಲ್ಲಿಸಿ. ಅದೇ ಲಯ ಕೆಡಿಸುತ್ತದೆ. ಮಗು ವಾರಗಟ್ಟಲೆ ಊಟ, ನಿದ್ದೆ ಬಿಟ್ಟರೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಉಚಿತವಾಗಿ ಕರೆ ಮಾಡಬಹುದು.