ಗೇಮ್ ಆಡುವವರಿಗೆ ಯುದ್ಧಾಪರಾಧದ ವಿಚಾರಣೆ ಇಲ್ಲ: ಸ್ಪಷ್ಟನೆ

ವಿಡಿಯೋ ಗೇಮ್‌ನಲ್ಲಿ ನಾಗರಿಕರನ್ನು ಕೊಂದವರನ್ನು ರೆಡ್ ಕ್ರಾಸ್ ಸಂಸ್ಥೆಯು ಯುದ್ಧಾಪರಾಧಿಗಳೆಂದು ವಿಚಾರಣೆಗೆ ಒಳಪಡಿಸಲಿದೆ ಎಂಬ ಸಂದೇಶ ಸರಿಯಲ್ಲ. 1949ರ ಜಿನೀವಾ ಒಪ್ಪಂದಗಳು ಅನ್ವಯಿಸುವುದು ನಿಜವಾದ ಸಶಸ್ತ್ರ ಸಂಘರ್ಷಕ್ಕೆ, ಪರದೆಯ ಮೇಲಿನ ಸಾವಿಗಲ್ಲ. ಯಾರ ಮೇಲೂ ಮೊಕದ್ದಮೆ ಹೂಡುವ ಅಧಿಕಾರವಂತೂ ರೆಡ್ ಕ್ರಾಸ್‌ಗೆ ಇಲ್ಲವೇ ಇಲ್ಲ. 2011ರಲ್ಲಿ ಜಿನೀವಾದಲ್ಲಿ ನಡೆದ ಅದರ 31ನೇ ಅಂತರರಾಷ್ಟ್ರೀಯ ಸಮ್ಮೇಳನದ ಉಪಗೋಷ್ಠಿಯೊಂದರಲ್ಲಿ ಇಂಥ ಆಟಗಳ ಪ್ರಭಾವ ಚರ್ಚೆಗೆ ಬಂದದ್ದು ಈ ಸುದ್ದಿಯ ಮೂಲವಾಗಿದ್ದು, ಯುದ್ಧನಿಯಮಗಳ ಗಂಭೀರ ಉಲ್ಲಂಘನೆ ನಿಜಜೀವನದಲ್ಲಷ್ಟೇ ಸಾಧ್ಯವೆಂದು ಸಂಸ್ಥೆಯೇ ಬಳಿಕ ತಿಳಿಸಿತ್ತು. ನೈಜತೆಯನ್ನು ಸಾರುವ ಆಟಗಳಲ್ಲಿ ನಿಯಮ ಮುರಿದವನಿಗೆ ಆಟದೊಳಗೇ ದಂಡನೆ ಇರಲಿ ಎಂಬುದಷ್ಟೇ ಅದರ ಕೋರಿಕೆ. ನನ್ನ ದೃಷ್ಟಿಯಲ್ಲಿ ಅದು ನ್ಯಾಯವಾದದ್ದೇ. 2017ರಲ್ಲಿ ‘ಆರ್ಮಾ 3’ ಆಟಕ್ಕೆ ಯುದ್ಧನಿಯಮಗಳ ಕುರಿತ ವಿಸ್ತರಣೆ ಸಿದ್ಧವಾದದ್ದೂ ಈ ಸಂಸ್ಥೆಯ ಸಹಯೋಗದಿಂದ. ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ.